ಸೇವಂತಿಯ ಫಲಾಹಾರ

ಕಾರ್ಕಳದ ಕಡೆಯಿಂದ ಮದುವೆಯಾಗಿ ವಿಲೆ ಪಾರ್ಲೆಯ ಚಾಳಿನ ಒಂಟಿ ಕೋಣೆಗೆ ಬಂದ ಸೇವಂತಿ ಉಂಡೆಲೆಯಲ್ಲಿ ಒಂದು ಅಗುಳನ್ನೂ ಬಿಟ್ಟವಳಲ್ಲ. ಗಂಡ ಪೂವಪ್ಪ ಹೋಟೆಲಿನ ಅಡುಗೆಯವನು. ಹೋಟೆಲು ಮುಚ್ಚುವಾಗ ಮಿಕ್ಕ ಬನ್ಸು, ಗೋಳಿಬಜೆಗಳಂಥ ಕರಿದ ತಿಂಡಿಗಳನ್ನು ಅವನು ದಿನವೂ ಕಟ್ಟಿಕೊಂಡು ಬರುತ್ತಿದ್ದ. ಅನ್ನ ಚೆಲ್ಲುವುದು ಪಾಪವೆಂದು ಇಬ್ಬರೂ ತಿಂದು ಮುಗಿಸುತ್ತಿದ್ದರು. ಅವರ ದಾಂಪತ್ಯದ ಸುಖವೆಲ್ಲ ಆ ಪೊಟ್ಟಣದ ಸುತ್ತಲೇ ಇತ್ತು.

ಹೆಂಡವನ್ನು ಮೂಸಿಯೂ ನೋಡದ ಪೂವಪ್ಪನ ಲಿವರ್ ವರ್ಷಗಳ ಕಾಲ ಕೊಬ್ಬು ತುಂಬಿಕೊಂಡು, ಕೊನೆಗೆ ಗಡುಸುಗಟ್ಟಿತು. ಹೊಟ್ಟೆಯಲ್ಲಿ ನೀರು ನಿಂತಿತು. "ಎಷ್ಟು ಕುಡಿಯುತ್ತಿದ್ದರು?" ಎಂದು ಆಸ್ಪತ್ರೆಯಲ್ಲಿ ಕೇಳದವರಿಲ್ಲ. "ಚಹಾ," ಎಂದು ಸೇವಂತಿ ಪ್ರತಿ ಸಲವೂ ಸಿಡುಕಿದಳು.

ಯಾರಾದರೂ ತಮ್ಮ ಲಿವರಿನ ಭಾಗವೊಂದನ್ನು ಕೊಡುವುದೇ ಉಳಿದಿದ್ದ ದಾರಿ. ಮಗಳು ಯಕ್ಷಿತಾ ಬಸುರಿ, ಕೊಡುವಂತಿರಲಿಲ್ಲ. ರಕ್ತದ ಗುಂಪು ಹೊಂದಿದ್ದರಿಂದ ಸೇವಂತಿ ಮುಂದೆ ಬಂದಳು. ನೋಡಿದರೆ ಅವಳ ಲಿವರಿನಲ್ಲೂ ಅದೇ ಕೊಬ್ಬು! ಇದಕ್ಕೆ ಮದ್ದಿಗಿಂತ ಪಥ್ಯವೇ ಚಿಕಿತ್ಸೆ ಎಂದರು ಡಾಕ್ಟರು: ಸಕ್ಕರೆಯನ್ನೂ ಕರಿದದ್ದನ್ನೂ ಬಿಡಬೇಕು, ದಿನವೂ ಬಿರುಸಾಗಿ ನಡೆಯಬೇಕು, ಮೈ ಇಳಿಯಬೇಕು; ಎರಡು ತಿಂಗಳ ಮೇಲೆ ಮತ್ತೆ ಪರೀಕ್ಷೆ.

ಸೇವಂತಿಗೆ ಅಷ್ಟು ಸಾಲದೆನಿಸಿತು. ಕಟೀಲು ದೇವಿಯ ಪಟದ ಮುಂದೆ ಹರಕೆ ಹೊತ್ತಳು: ಗಂಡ ಪೂರ್ತಿ ಗುಣವಾಗುವ ತನಕ ಅನ್ನ ಮುಟ್ಟೆನು, ಮೀನು ಮುಟ್ಟೆನು, ಬರಿಯ ಫಲಾಹಾರ. ಆ ನೇಮಕ್ಕೆ ಎಳ್ಳಷ್ಟೂ ಲೋಪ ಬರಲಿಲ್ಲ. ಕೆನ್ನೆ ಬತ್ತಿತು, ಕಣ್ಣಿಗೆ ಕತ್ತಲೆ ಬರತೊಡಗಿ ನಡಿಗೆ ನಿಂತೇ ಹೋಯಿತು.

ಎರಡನೆಯ ಪರೀಕ್ಷೆಯಲ್ಲಿ ಕೊಬ್ಬು ತುಸು ಏರಿತ್ತು.

ಏನು ತಿನ್ನುತ್ತಿದ್ದೀರಿ ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ಗಾಬರಿಯಲ್ಲಿ ಹಿಂದಿ ಮರೆತುಹೋಗಿ ಸೇವಂತಿ ಮಗಳತ್ತ ತಿರುಗಿದಳು. "ಒಂದು ಅಗುಳು ಮುಟ್ಟಲಿಲ್ಲ ಅಂತ ಹೇಳು. ಅವಲಕ್ಕಿಗೆ ಬೆಲ್ಲ, ಬಾಳೆಹಣ್ಣು, ಸಾಬೂದಾನ, ಖರ್ಜೂರ. ಎಲ್ಲ ದೇವರಿಗೆ ಇಡುವಂಥದ್ದೇ."

ಯಕ್ಷಿತಾ ಹಣೆ ಚಚ್ಚಿಕೊಂಡಳು. "ಅಮ್ಮಾ, ಬೆಲ್ಲ ಭೀ ಶುಗರೇ ಅಲ್ವಾ! ಮೊಟ್ಟೆ, ಮೀನು, ಸೊಪ್ಪು ತಿನ್ಬೇಕಂತೆ. ಈ ಉಪವಾಸ ಎಲ್ಲ ಬಂದ್ ಮಾಡು."

"ಹರಕೆ ಮುರೀಲಿಕ್ಕೆ ಹೇಳ್ತೀಯಾ? ನಿನ್ನ ಪಪ್ಪನ ಜೀವ ಅದ್ರಲ್ಲಿ ಉಂಟು!"

"ಪಪ್ಪನ ಜೀವ ನಿನ್ನ ಲಿವರಲ್ಲಿ ಉಂಟಮ್ಮಾ."

ಇನ್ನೊಂದು ತಿಂಗಳು ಕಾಯಬಹುದು, ಅದರಾಚೆಗೆ ಪೂವಪ್ಪ ತಾಳಲಾರ ಎಂದು ಡಾಕ್ಟರು ಹೇಳಿ ಕಳುಹಿಸಿದರು.

ಹರಕೆ ಮುರಿದರೆ ದೇವಿ ಮುನಿಯುತ್ತಾಳೆ. ಉಳಿಸಿಕೊಂಡರೆ ಲಿವರ್ ಒಲಿಯದು. ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಂತಾದ ಸೇವಂತಿ ಮನೆಗೆ ಬಂದು ಗಂಡನ ಹಾಸಿಗೆಯ ಬಳಿ ಕುಸಿದು ಕುಳಿತಳು, ಎಲ್ಲವನ್ನೂ ಹೇಳಿದಳು. ಅವನ ಕಣ್ಣು ಅರಸಿನದ ನೀರಿನಂತಿತ್ತು.

"ಬಂಗುಡೆ ಮೀನು ತಿನ್ನು ಮಾರಾಯ್ತಿ," ಎಂದ ಪೂವಪ್ಪ ಏದುಸಿರಿನಲ್ಲಿ. "ದೇವಿ ಕೇಳಿದ್ರೆ ನಾನೇ ಹೇಳ್ತೇನೆ. ಮೊದ್ಲು ಅಲ್ಲಿಗೆ ಹೋಗುವವ ನಾನೇ ಅಲ್ವಾ?"

"ಬಾಯಿ ಮುಚ್ಚಿ! ನಿಮ್ಮನ್ನು ಹೋಗ್ಲಿಕ್ಕೆ ಬಿಡುವವರು ಯಾರು?"

ಅವಳು ಎಣ್ಣೆಯಿಲ್ಲದೆ ಹುಳಿಮೆಣಸಿನಲ್ಲಿ ಬಂಗುಡೆ ಬೇಯಿಸಿ, ತಟ್ಟೆ ಹಿಡಿದು ಪಟದ ಎದುರಿಗೇ ಕುಳಿತಳು. ಮೊದಲ ತುತ್ತನ್ನು ಕೈಯಲ್ಲಿ ಹಿಡಿದು ಪಟವನ್ನು ನೋಡಿದಳು. "ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡು. ಕೈ ತೆಗೆ, ಕಾಲು ತೆಗೆ. ಲಿವರಿಗೆ ಮಾತ್ರ ಬೇಡ," ಎಂದು ದೇವಿಯೊಡನೆ ಚೌಕಾಸಿ ಮಾಡಿದಳು.

ಆ ತುತ್ತನ್ನು ಬಾಯಿಗಿಟ್ಟು ನುಂಗಿದಳು. ತಟ್ಟೆ ಬರಿದಾದ ಮೇಲೆ ಸೆರಗು ಬಿಗಿದು ನಡೆಯಲೆಂದು ಚಾಳಿನ ಮೆಟ್ಟಿಲಿಳಿದಳು.