ಮಿಲ್ಟ್ರಿ ಮಾವ ಹೊಡೆದ ಸೆಲ್ಯೂಟು

ಬೆಳಿಗ್ಗೆ ಎದ್ದು ಕೊಟ್ಟಿಗೆ ಬಾಚಿದೆ. ಹಾಲು ಕರೆದು ಡೈರಿಗೆ ಹಾಕಿ ಬಂದೆ. ಅಟ್ಟದ ಮೇಲಿನ ಕಾಯಿಗೆ ಇಲಿ ಬಿದ್ದಿದೆಯೇನೋ ಎಂದು ಟಾರ್ಚು ಹಿಡಿದು ಹತ್ತಿ ನೋಡಿದೆ, ಸದ್ಯ ಬಿದ್ದಿರಲಿಲ್ಲ. ಎರಡು ಸೀರೆ, ಒಂದು ಹೊದಿಕೆ ಒಗೆದು ಬೇಲಿಯ ಮೇಲೆ ಹರವಿದೆ. ಅಷ್ಟು ಹೊತ್ತಿಗೆ ಕಳೆ ಹೊಡೆಯುವ ಮಿಷಿನ್ನಿನವನು ಬಂದ. ಬಾಟಲಿಯಲ್ಲಿ ಪೆಟ್ರೋಲಿಗೆ ಆಯಿಲ್ ಕಲಸಿ ಕುಲುಕಿ ಮಿಷಿನ್ನಿಗೆ ಹುಯ್ದು ದಾರ ಎಳೆದ. ಬುರ್ರೆಂದು ನೀಲಿ ಹೊಗೆ ಎದ್ದು ತೆಂಗಿನ ಸಾಲಿನ ನಡುವೆ ನಿಂತುಕೊಂಡಿತು. ಗಾಳಿಯಿರಲಿಲ್ಲ. ಸುಟ್ಟ ಆಯಿಲ್ಲಿನ ಆ ವಾಸನೆ ಮೂಗಿಗೆ ಬಡಿದಾಗ, ಕೆರೆಯಂಗಳದಲ್ಲಿ ಧೂಳೆಬ್ಬಿಸಿಕೊಂಡು ಬಂದ ಹಸಿರು ಕಾರು ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಮಿಲ್ಟ್ರಿ ಮಾವ…

ಮಾವ ಎಂದರೆ ನನಗೆ ನೆಂಟರಲ್ಲ. ಪಕ್ಕದ ತೋಟದವರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ, ಆ ಬೇಲಿಯಲ್ಲಿ ನಾನೂ ಅವರ ಹೆಂಡತಿಯೂ ಓಡಾಡಿ ಓಡಾಡಿ ಮಾಡಿಕೊಂಡ ಒಂದು ಕಂಡಿ. ನಾನು ಮಾಯಸಂದ್ರದ ಕಡೆಯಿಂದ ಈ ಊರಿಗೆ ಮದುವೆಯಾಗಿ ಬಂದಾಗ ಮೊದಲು ಮಾತಾಡಿಸಿದವರು ಆಕೆ. ಆಕೆಯನ್ನು ಅತ್ತೆ ಎಂದೆ, ಹಾಗಾಗಿ ಅವರು ಮಾವ ಆದರು. ಮಿಲ್ಟ್ರಿಯಲ್ಲಿ ಲಾರಿ ಓಡಿಸುತ್ತಿದ್ದವರು. ಪಿಂಚಣಿ ಆಗಿ ಬಂದು ತೋಟ ನೋಡಿಕೊಂಡಿದ್ದರು.

ಹುಲ್ಲು ಕೊಯ್ಯಲು ಹೋಗುವಾಗಲೂ ಇಸ್ತ್ರಿ ಅಂಗಿ ಹಾಕುತ್ತಿದ್ದರು. ಕಾಯಿ ಕೆಡವಿಸಿದ ದಿನ ಎಲ್ಲರ ತೋಟದಲ್ಲಿ ಕಾಯಿ ಗುಡ್ಡೆ ಬಿದ್ದಿದ್ದರೆ ಇವರ ತೋಟದಲ್ಲಿ ಮಾತ್ರ ದಾರ ಹಿಡಿದು ಜೋಡಿಸಿದಂತೆ ಸಾಲಾಗಿ ಕೂತಿರುತ್ತಿತ್ತು. ಬಸ್ ಸ್ಟಾಪಿನ ಟೀ ಅಂಗಡಿಯವನು ಅವರ ಓರಗೆಯವನು, ಅವನಿಗೆ ಇದೇ ಆಟ. “ಏನ್ಲಾ ಮಿಲ್ಟ್ರಿ, ನಿನ್ ಕಾಯಿ ಮುಂದೆ ಹಾದೋಗೋವಾಗ ನಾವೂ ಸೆಲ್ಯೂಟ್ ಹೊಡೀಬೇಕೇನ್ಲಾ?” ಎನ್ನುತ್ತಿದ್ದ. ಮಾವ ಸಿಟ್ಟಾಗುತ್ತಿರಲಿಲ್ಲ. “ಯಾರ್ಯಾರಿಗೋ ಹೊಡೆಯೋದಲ್ಲ ಕಣ್ಲಾ ಅದು” ಎಂದು ಟೀ ಕುಡಿದು ಎದ್ದು ಬರುತ್ತಿದ್ದರು.

ಅತ್ತೆಗೆ ಸಕ್ಕರೆ ಕಾಯಿಲೆ. ಒಂದು ಸಲ ಹಿತ್ತಿಲಿನಲ್ಲಿ ಕರಟದ ಚೂರು ಹಿಮ್ಮಡಿಗೆ ಚುಚ್ಚಿತು. ಚೂರು ತೆಗೆದರೂ ಗಾಯ ಮಾಯಲಿಲ್ಲ. ಆಗ ಮಾಜಿ ಸೈನಿಕರ ಮನೆಯವರಿಗೆಂದು ತಿಂಗಳಿಗೊಂದು ಸಲ ತುರುವೇಕೆರೆಗೆ ಔಷಧಿ ವ್ಯಾನು ಬರುತ್ತಿತ್ತು. ಒಬ್ಬ ಡಾಕ್ಟರು, ಒಬ್ಬಳು ನರ್ಸು. ಮಾವ ಸ್ಕೂಟರಿನ ಹಿಂದೆ ಅತ್ತೆಯನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಆ ನರ್ಸಮ್ಮ ಗಾಯ ತೊಳೆದು, ಸತ್ತ ಚರ್ಮ ಕತ್ತರಿಸಿ, ಪಟ್ಟಿ ಕಟ್ಟಿ, ಮುಂದಿನ ಸಲದವರೆಗೆ ಹೇಗೆ ತೊಳೆಯಬೇಕೆಂದು ನನಗೂ ಹೇಳಿಕೊಟ್ಟಿದ್ದಳು. ನಾನೂ ಎರಡು ಮೂರು ಸಲ ಜೊತೆಗೆ ಹೋಗಿದ್ದೆ. ಗಾಯ ಒಳಗಿಂದ ಕೆಂಪಗೆ ಕೂಡಿಕೊಂಡು ಬರುತ್ತಿತ್ತು.

ಆಮೇಲೆ ವ್ಯಾನು ನಿಂತಿತು. ಕೇಳಿದರೆ ಗಾಡಿಗೆ ದುಡ್ಡಿಲ್ಲ, ಮೇಲಿಂದ ಬರಬೇಕು ಎಂದರು. ಮೇಲೆ ಎಂದರೆ ಎಲ್ಲಿ ಎಂದು ಯಾರೂ ಹೇಳಲಿಲ್ಲ. ತುಮಕೂರಿಗೆ ಹೋಗಿ ಎಂದರು. ಮಾವ ಹೋಗಿ ಮಾತ್ರೆ ತಂದರು, ಆದರೆ ಮಾತ್ರೆ ಗಾಯ ತೊಳೆಯುತ್ತದೆಯೇ? ನಾನೇ ಕೈಲಾದಷ್ಟು ನೋಡಿಕೊಂಡೆ…

ಹಾಗಿರುವಾಗ ಒಂದು ದಿನ ಇಬ್ಬರು ಜೀಪಿನಲ್ಲಿ ಬಂದರು. ನೀರಿಲ್ಲದ ಕೆರೆಯಂಗಳ, ಅದರಿಂದ ತೋಟಗಳ ನಡುವೆ ಹಾಯುವ ಗಾಡಿದಾರಿ, ಇದರಲ್ಲಿ ಕಾರು ರೇಸು ನಡೆಸುತ್ತೇವೆ, ಒಂದು ದಿನದ ಮಟ್ಟಿಗೆ ಬಿಟ್ಟುಕೊಡಿ ಎಂದರು. ಊರವರು ಒಪ್ಪಲಿಲ್ಲ. ಒಣಗಲು ಹಾಕಿದ ಕೊಬ್ಬರಿಗೆ ಧೂಳು ಕೂರುತ್ತದೆ ಎಂದು ಒಬ್ಬರು, ಗಬ್ಬದ ಹಸು ಬೆದರುತ್ತದೆ ಎಂದು ಇನ್ನೊಬ್ಬರು. ನಮ್ಮ ಯಜಮಾನರೂ ಬೇಡವೆಂದೇ ಇದ್ದರು. ಆಗ ಬಂದವರು ಒಂದು ದೊಡ್ಡ ಹಾಳೆ ಬಿಚ್ಚಿದರು. ಅದರಲ್ಲಿ ಹಸಿರು ಕಾರು, ಕಾರಿನ ಮೂತಿಯ ಮೇಲೆ ಮಿಲ್ಟ್ರಿ ಗುರುತು. ಇದು ಸೇನೆಯ ಕಾರು, ಅವರೇ ಪ್ರಾಯೋಜಕರು ಎಂದರು.

ಪ್ರಾಯೋಜಕರು ಎಂಬ ಮಾತು ನಮ್ಮಲ್ಲಿ ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. ಸೇನೆಯ ಕಾರು ಎಂದದ್ದು ಬಿತ್ತು. ಮಾವ ಮುಂದೆ ಬಂದು, ಆಫೀಸರುಗಳು ಬರುತ್ತಾರಾ ಎಂದು ಕೇಳಿದರು. ಬರದೆ ಇರುತ್ತಾರಾ ಸರ್ ಎಂದರು ಅವರು.

ಆಮೇಲೆ ಊರನ್ನು ಒಪ್ಪಿಸಿದವರು ಮಾವನೇ. ಮನೆಮನೆಗೆ ಹೋದರು. ನಮ್ಮ ಮನೆಗೂ ಬಂದು ಜಗಲಿಯಲ್ಲಿ ಕೂತು, “ನಮ್ಮೋರು ಬತ್ತಾವ್ರೆ ಕಣಮ್ಮ. ಎದುರಿಗೆ ನಿಂತು ವ್ಯಾನಿನ ವಿಷ್ಯ ಹೇಳ್ತೀನಿ. ಇಲ್ಲಿ ಗುಮಾಸ್ತನ ಹತ್ರ ಹೇಳಿದ್ರೆ ಏನ್ ಬಂತು” ಎಂದರು. ಅವರಿಗಾಗಿಯೇ ನಾವು ಹೂಂ ಎಂದೆವು. ಅವರು ತಮ್ಮ ತೋಟದ ಬೇಲಿಯನ್ನು ತಾವೇ ಕಿತ್ತು ಕಾರಿಗೆ ದಾರಿ ಅಗಲ ಮಾಡಿದರು.

ರೇಸಿನ ದಿನ ಪೆಟ್ಟಿಗೆಯಿಂದ ಹಳೆಯ ಯೂನಿಫಾರಂ ತೆಗೆದು ಹಾಕಿಕೊಂಡರು. ಹೊಟ್ಟೆಯ ಹತ್ತಿರ ಗುಂಡಿ ಬಿಗಿಯಾಗುತ್ತಿತ್ತು. ಟೋಪಿ, ಎದೆಯ ಮೇಲೆ ಪದಕ. ನಾವು ಹೆಂಗಸರು ಆರತಿ ತಟ್ಟೆ ಹಿಡಿದು ನಿಂತಿದ್ದೆವು. ಯಾರು ಹೇಳಿದರೋ ಗೊತ್ತಿಲ್ಲ, ಮಿಲ್ಟ್ರಿಯವರು ಬರುತ್ತಾರೆಂದರೆ ಆರತಿ ಎತ್ತದೆ ಇರುವುದು ಹೇಗೆ? ಪೆಂಡಾಲಿನಲ್ಲಿ ಆಫೀಸರುಗಳಿಗೆಂದು ಹಾಕಿದ್ದ ಕುರ್ಚಿ ಖಾಲಿಯೇ ಇತ್ತು. ಮಿಲ್ಟ್ರಿಗೆ ಸೇರಿ ಎಂದು ಬರೆದ ಬ್ಯಾನರು ಮಾತ್ರ ಅಲ್ಲಾಡುತ್ತಿತ್ತು.

ಕಾರುಗಳು ಒಂದರ ಹಿಂದೊಂದು ಧೂಳು ಎಬ್ಬಿಸಿಕೊಂಡು ಹೋದವು. ಕೊನೆಗೆ ಹಸಿರು ಕಾರು ಬಂದು ನಿಂತಿತು. ಒಳಗಿನಿಂದ ಎತ್ತರದ ಒಬ್ಬ ಇಳಿದ. ಮೈತುಂಬ ಹಸಿರು ಬಟ್ಟೆ, ಎದೆಯ ಮೇಲೆ ಅದೇ ಗುರುತು, ತೋಳಿನ ಮೇಲೆ ಬಾವುಟ. ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ನಾನು ಆರತಿ ಎತ್ತಿದೆ. ಮಾವ ಕಾಲು ಅಪ್ಪಳಿಸಿ ಸೆಲ್ಯೂಟ್ ಹೊಡೆದರು. ಆತ ನಕ್ಕ. ಕೈಯನ್ನು ಬಸ್ಸಿನ ಕಿಟಕಿಯಿಂದ ಬೀಸುವ ಹಾಗೆ ಬೀಸಿದ. ಮಾವ ಹಿಂದಿಯಲ್ಲಿ ಏನೋ ಹೇಳಿದರು, ತಡವರಿಸದೆ, ನೆಟ್ಟಗೆ ನಿಂತು. ಆತ ಅವರ ಹೆಗಲು ತಟ್ಟಿ ಎರಡು ಮಾತು ಹೇಳಿ ಫೋಟೋ ತೆಗೆಸಿಕೊಂಡು ಹೋದ.

ಟೀ ಅಂಗಡಿಯವನು ಅಲ್ಲೇ ಇದ್ದ. ಮಿಲ್ಟ್ರಿ, ಅವನ್ಯಾಕೆ ತಿರುಗಿ ಸೆಲ್ಯೂಟ್ ಹೊಡೀಲಿಲ್ಲ ಎಂದು ಕೆಣಕಿದ. ತಲೆ ಮೇಲೆ ಟೋಪಿ ಇಲ್ಲದೆ ಹೊಡೆಯುವಂತಿಲ್ಲ, ಅದು ರೂಲು, ನಿನಗೇನು ಗೊತ್ತು ಎಂದರು ಮಾವ. ಆ ಮಾತನ್ನು ಅವರು ಹೇಳಿದ ರೀತಿಗೆ ನಾನೂ ನಂಬಿದೆ. ಅವರ ಲೋಕದ ರೀತಿ ರಿವಾಜು ನಮಗೆ ಎಲ್ಲಿ ತಿಳಿಯಬೇಕು…

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಲು ಚಾಚಿ ಕೂತಿದ್ದರು.

“ಏನಂದ್ರು?”

“ಆಗುತ್ತೆ ಅಂದ್ರು.”

“ಯಾವಾಗಂತೆ?”

“ಮಿಲ್ಟ್ರೀಲಿ ಯಾವಾಗ ಅಂತ ತಿರುಗಿ ಕೇಳಂಗಿಲ್ಲ ಕಣೇ.”

ಆ ರಾತ್ರಿ ಅವರ ಮನೆಯಲ್ಲಿ ಪಾಯಸ ಮಾಡಿ ನಮಗೂ ಒಂದು ಚೊಂಬು ಕಳಿಸಿದ್ದರು.

ಅಲ್ಲಿಂದ ಕಾಯುವುದು ಶುರುವಾಯಿತು. ವ್ಯಾನು ಬರುತ್ತಿದ್ದ ದಿನ ಮಾವ ತುರುವೇಕೆರೆಗೆ ಹೋಗಿ ಮರದ ಕೆಳಗೆ ನಿಂತು ಬರುತ್ತಿದ್ದರು. ಇತ್ತ ಗಾಯದ ಅಂಚು ಕಪ್ಪಗಾಗತೊಡಗಿತು. ತೊಳೆಯುವಾಗ ಬರುವ ವಾಸನೆ ನನಗೆ ಗೊತ್ತಾಗುತ್ತಿತ್ತು. ಮಾವ, ತುಮಕೂರಿಗೆ ಅಡ್ಮಿಟ್ ಮಾಡಿಬಿಡೋಣ, ನಮ್ಮ ಯಜಮಾನರು ಕಾರು ಮಾಡಿಸುತ್ತಾರೆ ಎಂದೆ. ಅತ್ತೆಗೂ ಹೇಳಿದೆ. ಅತ್ತೆ ಮಾವನ ಮುಖ ನೋಡಿದರು. ಮಾವನೋ, ಹೇಳಿದ್ದಾರಲ್ಲ ವ್ಯಾನು ಬರುತ್ತದೆ, ನಾವು ಅವಸರ ಮಾಡಿ ಬೇರೆ ಕಡೆ ಹೋದರೆ ಅವರ ಮಾತಿಗೆ ಬೆಲೆ ಕೊಡದ ಹಾಗಾಗುತ್ತದೆ ಎಂದರು. ಈಗ ಕೇಳಿದರೆ ಮೊಂಡತನ ಅನ್ನಿಸುತ್ತದೆ. ಆಗ ಅದು ಮೊಂಡತನವಾಗಿರಲಿಲ್ಲ. ಮೈಯಲ್ಲಿ ಆ ಗುರುತು ಹಾಕಿಕೊಂಡವನು ಆಡಿದ ಮಾತು ತಪ್ಪುತ್ತಾನೆ ಎಂಬುದು ಅವರ ಬುದ್ಧಿಗೆ ಹೊಳೆಯುವ ಸಂಗತಿಯೇ ಆಗಿರಲಿಲ್ಲ.

ಒಂದು ಸಂಜೆ ಮಾವ ನಮ್ಮ ಜಗಲಿಯಲ್ಲಿ ಕೂತಿದ್ದಾಗ ನಮ್ಮ ಯಜಮಾನರು ಫೋನಿನಲ್ಲಿ ಏನೋ ನೋಡುತ್ತಿದ್ದವರು, ಮಾವ ಇಲ್ಲಿ ನೋಡಿ, ನಿಮ್ಮ ಆಫೀಸರು ಎಂದು ತೋರಿಸಿದರು. ಅವನೇ. ಅದೇ ನಗು, ಅದೇ ಕೈ ಬೀಸುವುದು. ಆದರೆ ಕಾರು ಕೆಂಪು. ಎದೆಯ ಮೇಲೆ ಯಾವುದೋ ಕೂಲ್‌ಡ್ರಿಂಕ್ಸಿನ ಹೆಸರು.

ಮಾವ ಫೋನು ಕೈಗೆ ತೆಗೆದುಕೊಂಡು ಹತ್ತಿರ ಹಿಡಿದು ನೋಡಿದರು. ಮಿಲ್ಟ್ರಿ ಬಿಟ್ಟುಬಿಟ್ಟನಾ ಎಂದು ಕೇಳಿದರು. ಯಜಮಾನರು ಮೆಲ್ಲಗೆ ಬಿಡಿಸಿ ಹೇಳಿದರು. ಅವನು ಸೇರಿಯೇ ಇರಲಿಲ್ಲ. ಕಾರು ಓಡಿಸುವುದು ಅವನ ಕಸುಬು. ಯಾರು ದುಡ್ಡು ಕೊಡುತ್ತಾರೋ ಅವರ ಹೆಸರು ಕಾರಿಗೂ ಬಟ್ಟೆಗೂ ಬರೆಸಿಕೊಳ್ಳುತ್ತಾನೆ. ಆ ವರ್ಷ ಮಿಲ್ಟ್ರಿ ಹೆಸರಿಗೆ ಕೊಟ್ಟಿದ್ದರು, ಈ ವರ್ಷ ಇವರು. ಹುಡುಗರು ಕಾರು ನೋಡಿ ಮಿಲ್ಟ್ರಿಗೆ ಸೇರಲಿ ಎಂದು ಹಾಗೆ ಮಾಡುತ್ತಾರಂತೆ.

“ದುಡ್ಡು ಯಾರ್ದು?” ಎಂದರು ಮಾವ.

“ಸರ್ಕಾರದ್ದು.”

ಮಾವ ಫೋನು ಯಜಮಾನರ ಕೈಗೆ ವಾಪಸು ಕೊಟ್ಟರು. ಬೇಲಿ ಆಚೆ ಅತ್ತೆ ಕೆಮ್ಮಿದ್ದು ಕೇಳಿಸಿತು. ಆಮೇಲೆ, ಯಾರಿಗೆಂದಲ್ಲದೆ ಹೇಳಿದರು. “ನಾನೂ ನೋಡೇ ಸೇರಿದ್ದು. ತಿಪಟೂರು ಸ್ಟೇಷನ್ನಲ್ಲಿ ಒಬ್ಬನ ಬೂಟು ನೋಡಿ ಆಸೆ ಬಿದ್ದಿದ್ದೆ… ಆದ್ರೆ ಬೂಟು ಹಾಕ್ಕೊಂಡಿದ್ದೋನು ಸಿಪಾಯಿನೇ ಆಗಿದ್ದ ಕಣಪ್ಪ.”

ಮಾರನೆಯ ದಿನ ಬೆಳಿಗ್ಗೆಯೇ ಅತ್ತೆಯನ್ನು ತುಮಕೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ನನ್ನನ್ನೇ ಗದರಿದರು. ಮಾವ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಅವರು ಯಾವುದಕ್ಕಾದರೂ ಒರಗಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆಯ ಪಾದವನ್ನು ಕಣಕಾಲಿನಿಂದ ಕೆಳಗೆ ತೆಗೆಯಬೇಕಾಯಿತು.

ಕಾಲು ತೆಗೆದ ಮೇಲೆ ಅತ್ತೆ ಒಂದು ಮಾತೂ ಆಡಿ ತೋರಿಸಲಿಲ್ಲ. ಆಡಿದ್ದರೆ ಮಾವನಿಗೆ ಹಗುರವಾಗುತ್ತಿತ್ತೋ ಏನೋ. ನಾನು ಸಮಾಧಾನಕ್ಕೆ, ನಿಮಗೇನು ಕನಸು ಬಿದ್ದಿತ್ತಾ ಮಾವ, ಊರೆಲ್ಲ ನಂಬಲಿಲ್ಲವಾ, ನಾನೇ ಆರತಿ ಎತ್ತಿದೆ ಎಂದಿದ್ದೆ. “ನಿನ್ ಆರತಿ ಅತಿಥಿಗೆ ಎತ್ತಿದ್ದು ಅಂತ ಅನ್ಕೊಬೌದು ಬುಡಮ್ಮ. ಸೆಲ್ಯೂಟ್ ಹಂಗಲ್ಲ. ಹೊಡೆದ ಮೇಲೆ ವಾಪಸ್ ತಗೊಳೋಕಾಗಲ್ಲ” ಎಂದರು. ಅದಾದ ಮೇಲೆ ಟೀ ಅಂಗಡಿಗೆ ಹೋಗುವುದನ್ನು ಬಿಟ್ಟರು. ಅಂಗಡಿಯವನೇ ಒಂದೆರಡು ಸಲ ಫ್ಲಾಸ್ಕಿನಲ್ಲಿ ಟೀ ತಂದು ಕೊಟ್ಟು, ಕೆಣಕದೆ, ಸುಮ್ಮನೆ ಕೂತು ಹೋದ. ಮುಂದಿನ ಕಾಯಿ ಕೆಡವಿಸಿದಾಗ ಅವರ ತೋಟದಲ್ಲೂ ಕಾಯಿ ಗುಡ್ಡೆ ಬಿದ್ದಿತ್ತು, ಎಲ್ಲರ ತೋಟದ ಹಾಗೆ. ಮಳೆ ಹಿಡಿಯುವ ಮೊದಲೇ ಮಾವ ಹೋಗಿಬಿಟ್ಟರು. ಎದೆನೋವು ಎಂದಷ್ಟೇ ಅಂದಿದ್ದರಂತೆ.

ಅವರಿಗೆ ಮೋಸ ಮಾಡಿದವರು ಯಾರು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಆ ಕಾರಿನವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದರೆ ಅದು ನಿಲ್ಲುವುದಿಲ್ಲ. ಅವನು ಯಾರೋ ಮುದುಕ ಏನೋ ಕೇಳಿದ ಎಂದು ಆಗುತ್ತೆ ಅಂದ, ಮರೆತ. ಆದರೆ ಆ ಗುರುತನ್ನು ನಂಬಿ ಅರ್ಧ ಆಯಸ್ಸು ಕಳೆದ ಮನುಷ್ಯ ಇಲ್ಲಿದ್ದ. ಅವನ ಹೆಂಡತಿಯ ಹಿಮ್ಮಡಿ ತೊಳೆಯುವ ವ್ಯಾನಿಗೆ ಇಲ್ಲದ ದುಡ್ಡು, ಅದೇ ಗುರುತನ್ನು ಕಾರಿನ ಮೂತಿಗೆ ಬಳಿಯಲು ಇತ್ತು. ಅದನ್ನು ತೀರ್ಮಾನ ಮಾಡಿದವರು ಯಾರೋ, ಎಲ್ಲಿ ಕೂತಿದ್ದರೋ. ಅವರು ನಮ್ಮ ಊರಿಗೆ ಬರಲೇ ಇಲ್ಲ. ಬಂದಿದ್ದರೆ ಅವರಿಗೂ ನಾವು ಆರತಿಯನ್ನೇ ಎತ್ತುತ್ತಿದ್ದೆವು.

ಅತ್ತೆ ಈಗ ನಮ್ಮ ನಡುಮನೆಯಲ್ಲೇ ಮಲಗುತ್ತಾರೆ. ಅರಸೀಕೆರೆಯ ಕಡೆ ಕೊಟ್ಟಿರುವ ಮಗಳು ಕರೆದರೂ ಹೋಗಲಿಲ್ಲ. ಇವತ್ತು ಮುದ್ದೆ ಮಾಡಿ ಸೊಪ್ಪಿನ ಬಸ್ಸಾರು ಮಾಡಿದ್ದೆ. ಯಜಮಾನರು ಒಂದೂವರೆ ಮುದ್ದೆ ಉಂಡರು, ಅತ್ತೆ ಅರ್ಧ ಉಂಡು ಮಿಕ್ಕದ್ದಕ್ಕೆ ಮಜ್ಜಿಗೆ ಹುಯ್ಯಿಸಿಕೊಂಡರು. ಹಾಸಿಗೆ ಹಾಸಿದಾಗ, ಆ ಪಾದ ಕಡೀತದೆ ಕಣಮ್ಮ ಎಂದರು. ಇಲ್ಲದ ಪಾದ. ಆಗಾಗ ಹೀಗೆ ಅನ್ನುತ್ತಾರೆ. ನಾನು ಇರುವ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ. ಹೂಂ, ಅಲ್ಲೇ, ಎಂದರು. ತಿಕ್ಕುತ್ತಿದ್ದ ಹಾಗೆಯೇ, ನಮ್ಮೆಲ್ಲರಿಗಿಂತ ಮೊದಲು ಅವರೇ ನಿದ್ದೆ ಹೋದರು.