ಕಾಲು ಸುರುಳಿಯ ಒಲೆ

ಒಂದು ವಠಾರವನ್ನು ಪೂರ್ತಿ ಕತ್ತಲಲ್ಲಿ ಮುಳುಗಿಸುವಷ್ಟು ಭೌತಶಾಸ್ತ್ರ ನನಗೆ ಗೊತ್ತು. ಇನ್ನೊಂದಿಷ್ಟು ಹೆಚ್ಚು ಗೊತ್ತಿದ್ದರೆ ಮುಳುಗಿಸುತ್ತಿರಲಿಲ್ಲ. ಒಂದಿಷ್ಟು ಕಡಿಮೆ ಗೊತ್ತಿದ್ದರೂ ಮುಳುಗಿಸುತ್ತಿರಲಿಲ್ಲ. ವಿದ್ಯೆ ನನ್ನಲ್ಲಿ ಸರಿಯಾಗಿ ಅಪಾಯದ ಮಟ್ಟಕ್ಕೆ ಬಂದು ನಿಂತಿದೆ.

ನಾನೂ ಗೌರಿಬಿದನೂರಿನ ಅಶ್ವತ್ಥನೂ ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಓದಲು ನರಸಮ್ಮನವರ ವಠಾರದ ಮೂಲೆ ರೂಮು ಹಿಡಿದಿದ್ದೆವು. ಅವರ ಕಟ್ಟಳೆ ಒಂದೇ: ಬಲ್ಬು ಉರಿಸಬಹುದು, ಕರೆಂಟ್ ಒಲೆ ಹಚ್ಚಿದರೆ ರೂಮು ಖಾಲಿ. ಮದುವೆಯಾಗದ ಹುಡುಗರಿಗೆ ರೂಮು ಕೊಡುವವರೇ ಅಪರೂಪ. ಪರೀಕ್ಷೆ ಬೇರೆ ಹತ್ತಿರವಿತ್ತು. ಹಾಗಾಗಿ ಬಾಗಿಲು ಹಾಕಿಕೊಂಡು, ಭಯಭಕ್ತಿಯಿಂದ ಒಲೆ ಹಚ್ಚುತ್ತಿದ್ದೆವು.

ಸಂಜೆಯಾದರೆ ಸುತ್ತಲ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ನೀರೆಳೆಯುತ್ತಿದ್ದವು. ಬಲ್ಬು ಹಣ್ಣುಮೆಣಸಿನಕಾಯಿಯ ಬಣ್ಣಕ್ಕಿಳಿಯುತ್ತಿತ್ತು. ಅಕ್ಕಿ ಬೇಯುವ ಬದಲು ಬಿಸಿನೀರ ಸ್ನಾನ ಮಾಡಿ ಎದ್ದು ಬರುತ್ತಿತ್ತು. ಅಶ್ವತ್ಥ ರೇಡಿಯೋ ರಿಪೇರಿ ಅಂಗಡಿಯಿಂದ ಮೀಟರು ಎರವಲು ತಂದು ನೋಡಿದ. ಇನ್ನೂರ ಮೂವತ್ತು ವೋಲ್ಟ್ ಬರಬೇಕಾದ ಕಡೆ ಅದರರ್ಧ.

“ಅರ್ಧ ವೋಲ್ಟೇಜು, ಅರ್ಧ ಬೆಂದ ಅನ್ನ. ನ್ಯಾಯವಾಗೇ ಐತಲ್ಲೋ” ಎಂದ.

ಯಾರ ದನಿಯನ್ನಾದರೂ ಕದಿಯುವುದು ನನ್ನ ಚಟ. ನನ್ನ ಸ್ವಂತ ದನಿ ಯಾವುದೆಂದು ಅಮ್ಮನಿಗೂ ಅನುಮಾನವಿದೆ. ಭೌತಶಾಸ್ತ್ರದ ಮೇಷ್ಟ್ರ ಹಾಗೆ ಮೂಗಿನಲ್ಲೇ ಶುರುಮಾಡಿದೆ: “ದಡ್ಡಾ! ವೋಲ್ಟೇಜನ್ನ ಕರೆಂಟಿಂದ ಭಾಗಿಸಿದ್ರೆ ರೆಸಿಸ್ಟೆನ್ಸು, ಗುಣಿಸಿದ್ರೆ ಪವರು. ವೋಲ್ಟೇಜು ಅರ್ಧ ಆದ್ರೆ ಕರೆಂಟೂ ಅರ್ಧ. ಅರ್ಧದಲ್ಲಿ ಅರ್ಧ ಎಷ್ಟಪ್ಪ?”

“ಕಾಲು, ಸಾರ್.”

“ಅದಕ್ಕೇ ಕಣಯ್ಯ ನಿನ್ನ ಅನ್ನ ಅರ್ಧಾನೂ ಬೆಂದಿಲ್ಲ!”

ರೆಸಿಸ್ಟೆನ್ಸ್ ಎಂಬುದನ್ನು ನಾನು ಪುಸ್ತಕದಿಂದ ಕಲಿತವನಲ್ಲ, ಬೆಳಿಗ್ಗೆ ಅಶ್ವತ್ಥನನ್ನು ಎಬ್ಬಿಸಿ ಕಲಿತವನು. ನನ್ನ ಕೂಗನ್ನು ಅವನ ಮಿಸುಕಾಟದಿಂದ ಭಾಗಿಸಿದರೆ ಬರುವುದೇ ಅವನ ರೆಸಿಸ್ಟೆನ್ಸ್. ನನ್ನದೂ ಕಡಿಮೆಯೇನಲ್ಲ. ಓದು ಎಂದು ಯಾರು ಕೂಗಿದರೂ ನಾನು ಮಿಸುಕುವುದೇ ಇಲ್ಲ. ಸೊನ್ನೆಯಿಂದ ಭಾಗಿಸಲಾಗದೆ ಲೆಕ್ಕವೇ ನಿಂತುಹೋಗುತ್ತದೆ.

ಒಲೆಗೆ ಬರೋಣ. ಅದೇ ಅರ್ಧ ವೋಲ್ಟೇಜಿನಲ್ಲಿ ಪವರು ನಾಲ್ಕು ಪಟ್ಟಾಗಬೇಕಾದರೆ ರೆಸಿಸ್ಟೆನ್ಸು ಕಾಲು ಭಾಗವಾಗಬೇಕು. ಸುರುಳಿ ತಂತಿ ಗಿಡ್ಡವಾದಷ್ಟೂ ರೆಸಿಸ್ಟೆನ್ಸು ಕಡಿಮೆ. ಮುಕ್ಕಾಲು ಸುರುಳಿ ಕತ್ತರಿಸಿ ಎಸೆದೆ, ಉಳಿದ ಕಾಲನ್ನು ಎಳೆದು ಸಿಕ್ಕಿಸಿದೆ. ಅಂದು ಸಂಜೆ ಅನ್ನ ಕೊತಕೊತ ಕುದಿಯಿತು. ಅಶ್ವತ್ಥ ಅಡ್ಡಬೀಳುವುದೊಂದು ಬಾಕಿ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ತೋಟಗಳಿಗೆ ಕರೆಂಟು ನಿಲ್ಲಿಸುವ ಹೊತ್ತು ಎಂಬುದೊಂದಿದೆ, ಆಗ ಪಂಪುಗಳು ಸುಮ್ಮನಾಗಿ ವೋಲ್ಟೇಜು ತವರಿಗೆ ಬಂದ ಮಗಳ ಹಾಗೆ ಪೂರ್ತಿ ಕಳೆ ತುಂಬಿಕೊಂಡು ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿರಲಿಲ್ಲ. ಅನ್ನ ಇಳಿಸುವ ಮೊದಲೇ ಬಂತು. ಸಾವಿರ ವಾಟಿನ ಒಲೆ ನಾಲ್ಕು ಸಾವಿರದ ಅವತಾರ ತಾಳಿ ಬೆಳ್ಳಗೆ ಬೆಳಗಿತು. ಹೊರಗೆ ಮೀಟರ್ ಬೋರ್ಡಿನಲ್ಲಿ ಫಟ್ಟೆಂದಿತು. ವಠಾರವೆಲ್ಲ ಕತ್ತಲು.

ನರಸಮ್ಮನವರು ತೆಲುಗು ಬೆರೆಸಿ ಕೂಗುತ್ತಾ ಬಾಗಿಲು ಬಡಿದರು. “ಏಮಿರಾ ಅದಿ? ಏನ್ ಮಾಡಿದ್ರಪ್ಪ ಒಳಗೆ?”

ರೂಮು ಹೋಯಿತು ಎಂದುಕೊಂಡೆ. ಹೆದರಿಕೆಯಲ್ಲಿ ನನ್ನ ಬಾಯಿಂದ ಹೊರಟದ್ದು ನಮ್ಮ ಬೀದಿಯ ಲೈನ್‌ಮನ್‌ನ ದಪ್ಪ ದನಿ: “ನಾನು ಲೈನ್‌ಮನ್ನು ಕಣಕ್ಕ! ಕಂಬದಲ್ಲೇ ಫಾಲ್ಟು! ನೀವು ಹೋಗಿ ಮಲಿಕ್ಕಳಿ!”

ಸೀದ ಅನ್ನದ ವಾಸನೆ ಮಾತ್ರ ಬಾಗಿಲ ಸಂದಿಯಿಂದ ಆರಾಮವಾಗಿ ಹೊರಗೆ ಹೋಗುತ್ತಿತ್ತು.

“ಬಂದಿದ್ದು ಒಳ್ಳೇದಾಯ್ತು ಕಣಪ್ಪ ಲೈನ್‌ಮನ್ನು” ಎಂದರು ನರಸಮ್ಮ. “ಅಲ್ಲಿ ಎರಡು ಕೋತಿ ಅವೆ ನೋಡು, ಪರೀಕ್ಷೆ ಮುಗಿಯೋಗಂಟ ಇರ್ಲಿ ಪಾಪ. ಆ ಒಲೆ ಕಿತ್ತು ನನ್ನ ಕೈಗೆ ಕೊಟ್ಟು, ಫ್ಯೂಸ್ ಕಟ್ಟಿ ಹೋಗು.”