ಕೊಂಬಿಲ್ಲದ ಬೇಟೆ

ರೆಕ್ಸ್‌ಡೇಲಿನ ಮಂದಣ್ಣನವರು ಬೇಟೆಗಾರರೆಂದು ಕೇಳಿದವರೆಲ್ಲ ಮೊದಲು ಅವರ ಮನೆಯ ಗೋಡೆ ನೋಡುತ್ತಾರೆ. ಅಲ್ಲಿರುವುದು ಒಂದು ಕ್ಯಾಲೆಂಡರು ಮಾತ್ರ. "ಕೊಂಬೆಲ್ಲಿ?" ಎಂದರೆ, "ಎಷ್ಟು ಬೇಯ್ಸಿದ್ರೂ ಕೊಂಬು ಮೆತ್ತಗಾಗಲ್ಲ ಕಣ್ರೀ," ಎನ್ನುತ್ತಾರೆ. ಕೊಂಬಿನಾಸೆಗೆ ಗಂಡು ಎಲ್ಕುಗಳ ಹಿಂದೆ ಬಿದ್ದವರೆಲ್ಲ ಮನೆ ಸೇರಿದ ಮೇಲೆ, ಸೀಸನ್ನಿನ ಕೊನೆಗೆ, ಅವರು ದೂರದ ಕ್ಯಾಲ್ಗರಿ ಕಡೆಯ ರಾಕಿ ಪರ್ವತಕ್ಕೆ ಹೊರಡುತ್ತಾರೆ. ನಮ್ಮ ಕಡವೆಗಿಂತ ದೊಡ್ಡದಾದ ಆ ಪ್ರಾಣಿಯ ಹೆಣ್ಣೊಂದು ಸಿಕ್ಕರೆ ಚಳಿಗಾಲವಿಡೀ ಅಡುಗೆಗೆ ಸಾಕು. ತಿಂಗಳ ಮುಂಚೆಯೇ ಬೆನ್ನಿಗೆ ಅಕ್ಕಿಮೂಟೆ ಕಟ್ಟಿಕೊಂಡು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿಳಿಯುತ್ತಾರೆ; ಲಿಫ್ಟು ಕೆಟ್ಟಿದೆಯೆಂದು ನೆರೆಯವರು ಆಫೀಸಿಗೆ ಫೋನು ಮಾಡಿದ್ದೂ ಉಂಟು. ಮಂಡಿ ಸವೆದಿದೆಯೆಂದು ಹೆಂಡತಿ ಬೊಳ್ಳಮ್ಮ ಗದರಿದರೆ, "ಇಳಿಯೋವಾಗ ಮಾತ್ರ ನೋಯೋದು," ಎಂದು ಮತ್ತೆ ಹತ್ತುತ್ತಾರೆ. 2003ರ ಡಿಸೆಂಬರಿನಲ್ಲಿ ಅವರು ಹೊಡೆದ ಎಲ್ಕು ಕಡಿದಾದ ಇಳಿಜಾರಿನ ನೆತ್ತಿಯಲ್ಲಿ ಬಿತ್ತು. ಅವರೂ ಜೊತೆಗೆ ಬಂದಿದ್ದ ಕ್ಯಾಲ್ಗರಿಯ ಶ್ರೀಕಾಂತನೂ ಮಾಂಸವನ್ನು ಹೊತ್ತು ಹೊತ್ತು ಟ್ರಕ್ಕಿಗೆ ತಂದರು. ಒಂದು ಮುಂಗಾಲು ಮೇಲೆಯೇ ಉಳಿದಿದ್ದಾಗ ಹಿಮ ಬೀಳತೊಡಗಿತು. "ಸಾಕು ಬಿಡಿ ಅಂಕಲ್, ಒಂದು ಲೆಗ್ ತಾನೆ, ನರಿ ತಿನ್ಕೊಳ್ಳುತ್ತೆ," ಎಂದ ಶ್ರೀಕಾಂತ. ಮಂದಣ್ಣನವರು ಮಂಡಿಗೆ ಬಟ್ಟೆ ಬಿಗಿದು ಎದ್ದರು. "ಅದರ ಜೀವ ಪೂರ್ತಿ ತಗೊಂಡಿದ್ದೀನಪ್ಪ. ಮಾಂಸ ಮುಕ್ಕಾಲು ಸಾಕು ಅನ್ನೋಕಾಗುತ್ತಾ?" ಟ್ರಕ್ಕಿನಲ್ಲಿದ್ದ ಮಾಂಸಕ್ಕೆ ಟಾರ್ಪಾಲು ಹೊದಿಸಿ ಕಟ್ಟಿದ ಶ್ರೀಕಾಂತ, ಮನಸ್ಸು ತಡೆಯದೆ ಅವರ ಹಿಂದೆ ಹತ್ತಿದ. ಅಷ್ಟರಲ್ಲಿ ಅವರು ಹೊರೆಯನ್ನು ಹೆಗಲಿಗೇರಿಸಿ, ಒಂದೊಂದೇ ಹೆಜ್ಜೆ ಊರುತ್ತ ಇಳಿಯುತ್ತಿದ್ದರು. ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು. ಅವನು ಹೊರೆಗೆ ಕೈ ಚಾಚಿದ. "ಇದನ್ನಲ್ಲ," ಎಂದರು ಮಂದಣ್ಣನವರು, "ನನ್ನ ಹಿಡ್ಕೊ."